ಮೊದಲು ಬಿಡುವುದನ್ನು ಕಲಿ

ಕಂದ,

ನ್ಯೂಜೆರ್ಸಿಯ ಎಡಿಸನ್ನಿನಿಂದ ನೀನು ಕಳಿಸಿದ ಫೋಟೊವನ್ನು ನಿನ್ನ ಅಜ್ಜಿ ಕನ್ನಡಕ ಹಾಕಿಕೊಂಡು ಎರಡೆರಡು ಸಲ ನೋಡಿದಳು. ರಾರಿಟನ್ ಕೊಲ್ಲಿಯ ದಡದಲ್ಲಿ ನಿನ್ನ ಮೊದಲ ಸ್ಟ್ರೈಪ್ಡ್ ಬಾಸ್. ಬೆಳ್ಳಿ ಮೈಮೇಲೆ ಉದ್ದುದ್ದ ಏಳೆಂಟು ಕಪ್ಪು ಗೆರೆ. ನನಗೂ ಖುಷಿಯಾಯಿತು. ಆದರೆ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಮೀನು ಒಣ ಮರಳಿನ ಮೇಲೆ ಬಿದ್ದಿದೆ. ಮೈಯ ಲೋಳೆಗೆಲ್ಲ ಮರಳು ಮೆತ್ತಿಕೊಂಡಿದೆ, ಕಿವಿರು ಬಾಯಿಬಿಟ್ಟಿದೆ. 'ಆಮೇಲೆ ನೀರಿಗೆ ಬಿಟ್ಟೆ ತಾತ' ಅಂತ ಕೆಳಗೆ ಬರೆದಿದ್ದೀಯ. ಬಿಟ್ಟೆ, ನಿಜ. ಅದು ಉಳಿಯಿತೋ ಇಲ್ಲವೋ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇದನ್ನು ಫೋನಿನಲ್ಲಿ ಹೇಳಿದರೆ ಬೈದ ಹಾಗಾಗುತ್ತದೆಂದು ಕೂತು ಬರೆಯುತ್ತಿದ್ದೇನೆ.

ನಾನು ಗಾಳ ಹಿಡಿದದ್ದು ಕಾವೇರಿಯಲ್ಲಿ, ಎಪ್ಪತ್ತರ ದಶಕದ ಕೊನೆಯಲ್ಲಿ. ಶನಿವಾರ ಮಧ್ಯಾಹ್ನ ಕನಕಪುರದ ದಾರಿ ಹಿಡಿದು, ಹಲಗೂರಿನಿಂದ ಒಳಕ್ಕೆ ತಿರುಗಿ ಭೀಮೇಶ್ವರಿಗೆ ಹೋಗುತ್ತಿದ್ದೆವು. ನಮ್ಮ ಎರೆ ರಾಗಿ ಹಿಟ್ಟಿನದು; ಬೇಯಿಸಿ, ಗಟ್ಟಿಯಾಗಿ ನಾದಿ, ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ ಗಾಳಕ್ಕೆ ಮೆತ್ತುತ್ತಿದ್ದೆವು. ಹಿಡಿಯಲು ಹೋಗುತ್ತಿದ್ದದ್ದು ಮಹಶೀರ್. ನನ್ನ ಮೊದಲ ದೊಡ್ಡ ಮೀನು ಮುಕ್ಕಾಲು ಗಂಟೆ ಎಳೆದಾಡಿಸಿತು. ದಡಕ್ಕೆ ಬಂದಾಗ ನಿನ್ನ ಹಾಗೆ ನಾನೂ ಅದನ್ನು ಎತ್ತಿ ಬಂಡೆಯ ಮೇಲೆ ಇಡಲು ಹೊರಟೆ. ಹರಿಗೋಲಿನ ಅಂಬಿಗರು ಕೈ ಹಿಡಿದು ತಡೆದರು. 'ಬ್ಯಾಡ ಸಾಮಿ. ಮೂತಿ ನೀರಿಗೆ ಎದುರಾಗಿ ಹಿಡ್ಕಳಿ, ಉಸುರು ಬರ್ಲಿ' ಅಂದರು. ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ನಿಂತೆ. ಒಂದು ಕೈ ಹೊಟ್ಟೆಯ ಕೆಳಗೆ, ಒಂದು ಕೈ ಬಾಲದ ಬುಡದಲ್ಲಿ. ಮೊದಮೊದಲು ಅದು ಒಂದು ಪಕ್ಕಕ್ಕೆ ವಾಲುತ್ತಿತ್ತು. ನನ್ನ ಅಂಗೈಯಗಲದ ಹುರುಪೆಗಳು ಸಂಜೆಯ ಬಿಸಿಲಿಗೆ ಚಿನ್ನದ ಬಣ್ಣ ಕಾರುತ್ತಿದ್ದವು. ಕಿವಿರು ನಿಧಾನವಾಗಿ ತೆರೆದು ಮುಚ್ಚಲು ಶುರುವಾಯಿತು. ಸೊಂಟ ಹಿಡಿದುಹೋಗುವಷ್ಟು ಹೊತ್ತಾದ ಮೇಲೆ ಬಾಲ ಒಮ್ಮೆ ಬಲವಾಗಿ ನನ್ನ ಮುಷ್ಟಿಯನ್ನು ಬಿಡಿಸಿಕೊಂಡಿತು. ನಾನು ಬಿಡಲಿಲ್ಲ, ಅದೇ ಹೋಯಿತು. ಬಿಡುವುದೆಂದರೆ ಅದು, ಕಂದ.

ನಿನ್ನ ಕಡೆ ಈ ಮಾತಿಗೆ ಇನ್ನೂ ತೂಕ ಜಾಸ್ತಿ. ಮಾರ್ಚ್, ಏಪ್ರಿಲಿನಲ್ಲಿ ಆ ಕೊಲ್ಲಿಗೆ ಬರುವ ದೊಡ್ಡ ಬಾಸ್‌ಗಳಲ್ಲಿ ಬಹಳಷ್ಟು ಹಡ್ಸನ್ ನದಿಗೆ ಮೊಟ್ಟೆಯಿಡಲು ಹೊರಟ ಹೆಣ್ಣುಗಳು. ಹೊಟ್ಟೆ ದಪ್ಪಗಿದ್ದರೆ ಅದು ಬಸುರಿ ಎಂದೇ ತಿಳಿ. ದೊಡ್ಡ ಹೆಣ್ಣೊಂದರ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಮೊಟ್ಟೆ ಇರುತ್ತವೆ. ಅದಕ್ಕೇ ಇಟ್ಟುಕೊಳ್ಳುವ ಮೀನು 28 ಇಂಚಿಗಿಂತ ಚಿಕ್ಕದಿರಬಾರದು, 31 ದಾಟಿರಬಾರದು ಎಂದು 2023ರಲ್ಲಿ ಬಿಗಿ ಮಾಡಿದ್ದು. ಚಿಕ್ಕದನ್ನು ಬಿಡಬೇಕೆಂಬುದು ಎಲ್ಲರಿಗೂ ಗೊತ್ತು. ದೊಡ್ಡದನ್ನು ಬಿಡುವುದಕ್ಕೆ ಮನಸ್ಸು ಗಟ್ಟಿಯಿರಬೇಕು.

ಮೀನು ಹಿಡಿಯುವ ವಿಚಾರಕ್ಕೆ ಬಂದರೆ, ಅವಸರ ಬೇಡ. ನೀರು ಹತ್ತು ಡಿಗ್ರಿಗಿಂತ ತಣ್ಣಗಿರುವಾಗ ಮೀನು ಓಡಿ ಬಂದು ಕಚ್ಚುವುದಿಲ್ಲ. ಬೆಳಗಿನ ಚಳಿಯಲ್ಲಿ ನಡುಗುತ್ತ ನಿಲ್ಲುವುದಕ್ಕಿಂತ ಮಧ್ಯಾಹ್ನ ಹೋಗು. ಕಪ್ಪು ಕೆಸರಿನ ಮೇಲಿನ ಆಳವಿಲ್ಲದ ನೀರು ಬಿಸಿಲಿಗೆ ಬೇಗ ಕಾಯುತ್ತದೆ. ಇಳಿತ ಶುರುವಾದಾಗ ಆ ಬೆಚ್ಚನೆಯ ನೀರು ಕಾಲುವೆಗೆ ಇಳಿಯುವ ಬಾಯಲ್ಲಿ ಮೀನು ಕಾದಿರುತ್ತದೆ. ಕ್ಲೌಸರ್ ಫ್ಲೈ ಎಂಬ ಕೃತಕ ಎರೆ ಕಟ್ಟು, ಬಿಳಿ-ಹಸಿರಿನದು. ತಳಕ್ಕೆ ಇಳಿಯಲು ಬಿಡು. ಆಮೇಲೆ ದಾರವನ್ನು ಗೇಣು ಗೇಣಾಗಿ ಎಳೆದುಕೋ, ನಡುವೆ ತಡೆದು ತಡೆದು. ಗಾಳದ ಹಿಮ್ಮುಖದ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡು. ಒಂದೆರಡು ಮೀನು ತಪ್ಪಿಸಿಕೊಂಡರೆ ತಪ್ಪಿಸಿಕೊಳ್ಳಲಿ. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೋ, ಒಣ ಕೈ ಲೋಳೆ ಕೀಳುತ್ತದೆ. ಮತ್ತೆ ನಿನ್ನ ಜೀವ: ನೀರಿಗಿಳಿಯಲು ತೊಡುವ ವೇಡರ್‌ನ ಬೆಲ್ಟ್ ಬಿಗಿಯಾಗಿರಲಿ, ಒಬ್ಬನೇ ಇಳಿಯಬೇಡ, ಉಬ್ಬರ ತಿರುಗುವ ಹೊತ್ತು ತಿಳಿದುಕೊಂಡು ಹೋಗು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಿಮ್ಮ ಬಾಸ್ ಒಮ್ಮೆ ಹೋಗೇಬಿಟ್ಟಿತ್ತು. ಅದರ ದೊಡ್ಡ ತೊಟ್ಟಿಲು ಚೆಸಪೀಕ್ ಕೊಲ್ಲಿ; ಅಲ್ಲಿ ಮೇರಿಲ್ಯಾಂಡ್ 1985ರಲ್ಲಿ ಈ ಮೀನು ಹಿಡಿಯುವುದನ್ನೇ ನಿಲ್ಲಿಸಿತು. ಐದು ವರ್ಷ ಜನ ತಡೆದುಕೊಂಡರು. 1995ಕ್ಕೆ ಸಂತತಿ ಚೇತರಿಸಿತೆಂದು ಸಾರಿದರು. 2019ರಲ್ಲಿ ಮತ್ತೆ ಕಡಿಮೆಯಾಗಿದೆಯೆಂಬ ಲೆಕ್ಕ ಬಂತು. ಅಂದರೆ ನೀನು ಹಿಡಿಯುವ ಒಂದೊಂದು ಮೀನೂ ಬೇರೆಯವರು ಬಿಟ್ಟದ್ದರಿಂದ ಉಳಿದದ್ದು.

ನಮಗೆ ಆ ಭಾಗ್ಯ ಸಿಗಲಿಲ್ಲ. ಕಾವೇರಿಯ ಗೂನು ಬೆನ್ನಿನ ಮಹಶೀರ್ ಈ ಒಂದು ನದಿಯ ಜಲಾನಯನ ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಎಂಬವರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಆಮೇಲೆ ಅಣೆಕಟ್ಟು ಬಂತು, ಸಿಡಿಮದ್ದು ಹಾಕಿ ಮೀನು ಕೊಲ್ಲುವವರು ಬಂದರು. ಲೋಣಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಒಳ್ಳೆಯದಾಗಲೆಂದೇ ಹೊಳೆಗೆ ಬಿಟ್ಟರು. ಅವು ಹೆಚ್ಚಿದವು, ನಮ್ಮದು ಕರಗಿತು. 2018ರಲ್ಲಿ ಅದಕ್ಕೆ ವಿಜ್ಞಾನಿಗಳು ಟಾರ್ ರೆಮಾದೇವಿ ಎಂಬ ಹೆಸರನ್ನು ಖಚಿತ ಮಾಡಿದರು, ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿಸಿದರು. ನಾನು ಬಗ್ಗಿ ನಿಂತು ಹಿಡಿದಿದ್ದ ಮೀನಿಗೆ ಸರಿಯಾದ ಹೆಸರು ಸಿಗುವಷ್ಟರಲ್ಲಿ ಮೀನೇ ಅಪರೂಪವಾಗಿತ್ತು.

ಹೊಳೆ ಕೆಟ್ಟದ್ದು ನಮ್ಮ ಮನೆಯ ವಿಚಾರವೂ ಹೌದು. ಬೆಂಗಳೂರಿನ ನಮ್ಮ ರಾಜರಾಜೇಶ್ವರಿನಗರದ ಚರಂಡಿ ನೀರು ವೃಷಭಾವತಿಗೆ ಸೇರುತ್ತದೆ. ವೃಷಭಾವತಿ ಬೈರಮಂಗಲ ಕೆರೆ ದಾಟಿ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ನಮ್ಮ ಬಚ್ಚಲಿನ ಸೋಪಿನ ನೊರೆ ಮೀನಿನ ಬಾಯಿಗೆ ಹೋಗಿ ಮುಟ್ಟುತ್ತದೆ. ನೀನು ಚಿಕ್ಕವನಿದ್ದಾಗ ಮೈಸೂರು ರಸ್ತೆಯ ಸೇತುವೆ ಮೇಲೆ ಮೂಗು ಮುಚ್ಚಿಕೊಂಡು 'ಇದು ಹೊಳೆಯಾ ತಾತ' ಅಂತ ಕೇಳಿದ್ದೆ. ಆವತ್ತು ನನ್ನ ಬಾಯಿಂದ ಉತ್ತರ ಹೊರಡಲಿಲ್ಲ.

ಈ ವಾರ ಮತ್ತೆ ಹೋಗುತ್ತೀಯಲ್ಲ, ಹೋಗು. ಸಿಕ್ಕಿದರೆ ಇನ್ನೊಂದು ಫೋಟೊ ಕಳಿಸು. ಈ ಸಲ ಮೀನು ನೀರಿನಲ್ಲೇ ಇರಲಿ, ನಿನ್ನ ಕೈ ಅದರ ಹೊಟ್ಟೆಯ ಕೆಳಗಿರಲಿ. ನಿನ್ನ ಮುಖ ಬರದಿದ್ದರೂ ಪರವಾಗಿಲ್ಲ.