ಮಣಿಬೆಸುಗೆ: ಚಿತ್ರಸಂಪುಟಕ್ಕೆ ಕೈಯಾರೆ ಮಾಡುವ ಅಲಂಕಾರ

‘ಅಲಂಕಾರ’ ಎಂಬ ಶಬ್ದವನ್ನು ಬಿಡಿಸಿದರೆ ‘ಅಲಂ’, ‘ಕಾರ’ ಎಂಬ ಎರಡು ಭಾಗಗಳು ದೊರೆಯುತ್ತವೆ. ‘ಅಲಂ’ ಎಂದರೆ ಸಾಕು, ಪರ್ಯಾಪ್ತ ಎಂದರ್ಥ. ಕೊರತೆಯಿದ್ದುದನ್ನು ಸಾಕೆನಿಸುವಂತೆ ಮಾಡುವುದೇ ಅಲಂಕಾರ. ಸಾಕೆಂಬ ಗಡಿಯನ್ನು ದಾಟಿದ ಮರುಕ್ಷಣವೇ ಅದು ತನ್ನ ಹೆಸರಿಗೆ ಎರವಾಗುತ್ತದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಿಂದ ಮೊದಲ್ಗೊಂಡು ಕನ್ನಡ ಲಾಕ್ಷಣಿಕರು ಈ ಪದವನ್ನು ಕಾವ್ಯಕ್ಕೆ ಹೊಂದಿಸಿ ವಿವೇಚಿಸಿದ್ದಾರೆ. ಶಾಲೆಯ ಮಕ್ಕಳು ಭಾವಚಿತ್ರ, ಆಮಂತ್ರಣ ಪತ್ರಿಕೆ, ಹಳೆಯ ರಸೀದಿ, ಒಣಗಿದ ಎಲೆ ಮೊದಲಾದುವನ್ನು ಅಂಟಿಸಿ ಅಣಿಮಾಡುವ ಚಿತ್ರಸಂಪುಟಕ್ಕೂ ಅದೇ ವಿವೇಕ ಸಲ್ಲುತ್ತದೆ.

ಚಿತ್ರಸಂಪುಟವೆಂದರೆ ಬಿಡುವಿನ ವೇಳೆಯ ವಿನೋದವೆಂದು ಭಾವಿಸುವವರುಂಟು. ಕುಡತಿನಿಯಂತಹ ಊರಿನಲ್ಲಿ ಆ ಭಾವನೆ ನಿಲ್ಲುವಂತಿಲ್ಲ. 2007ರಿಂದ ಇಲ್ಲಿ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಚಿಮಣಿಗಳು ಹೊಗೆಯಾಡುತ್ತಿವೆ. 2010ರ ಸುಮಾರಿಗೆ ಉಕ್ಕಿನ ಕಾರ್ಖಾನೆಗಳಿಗೆಂದು ಸುತ್ತಣ ಹೊಲಗಳು ಸ್ವಾಧೀನಗೊಂಡವು. ಅಜ್ಜ ರಂಟೆ ಹೊಡೆದ ನೆಲ ಇಂದು ಮೊಮ್ಮಗನ ಪಾಲಿಗೆ ಒಂದು ಮಾಸಲು ಭಾವಚಿತ್ರದಲ್ಲಿ ಮಾತ್ರ ಉಳಿದಿರುವ ಮನೆಗಳು ಇಲ್ಲಿ ಕಡಮೆಯಲ್ಲ. ಅಂತಹ ಚಿತ್ರವೊಂದರ ಸುತ್ತ ಅಂಗಡಿಯಿಂದ ತಂದ ಮಿನುಗುಕಾಗದವನ್ನು ಹಚ್ಚುವುದಕ್ಕೂ, ಮನೆಯ ಮಗುವೇ ಕುಳಿತು ಮಾಡಿದ ಸಣ್ಣದೊಂದು ಅಂಚನ್ನು ಹೊಲಿಯುವುದಕ್ಕೂ ಇರುವ ಅಂತರವನ್ನು ಉಪಾಧ್ಯಾಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಅಂಚನ್ನು ಪ್ಲಾಸ್ಟಿಕ್ ಮಣಿಗಳನ್ನು ಬಿಸಿಯಿಂದ ಬೆಸೆದು ಮಾಡುವ ಕ್ರಮವನ್ನು ಇಲ್ಲಿ ನಿರೂಪಿಸಲಾಗಿದೆ.

ಕರಗಿಸಿ ಅಲಂಕರಿಸುವ ಕಲೆ ಈ ನಾಡಿಗೆ ಹೊಸದಲ್ಲ. ಚನ್ನಪಟ್ಟಣದ ಗೊಂಬೆಗಳ ಬಣ್ಣವನ್ನು ಕುಂಚದಿಂದ ಬಳಿದುದೆಂದು ತಿಳಿದವರೇ ಹೆಚ್ಚು. ವಾಸ್ತವವಾಗಿ, ಹಾಲೆ ಮರದ ತುಂಡು ಚರಕಿಯಲ್ಲಿ ವೇಗವಾಗಿ ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದಿಂದ ಹುಟ್ಟಿದ ಶಾಖಕ್ಕೆ ಅರಗು ತಾನೇ ಕರಗಿ ಮರವನ್ನು ಅಪ್ಪುತ್ತದೆ. ಕನ್ನಡದಲ್ಲಿ ‘ಅರಗು’ ನಾಮಪದವಾದರೆ ಲಾಕ್ಷೆ, ಕ್ರಿಯಾಪದವಾದರೆ ಜೀರ್ಣವಾಗು. ‘ಕರಗು’ ಅದರ ಪ್ರಾಸದ ನೆರೆಮನೆಯಲ್ಲಿಯೇ ಇದೆ. ಮೂರನ್ನೂ ಒಂದೇ ಪಾಠದಲ್ಲಿ ಬಳಸಿ ತೋರಿಸುವ ಅವಕಾಶವನ್ನು ಕನ್ನಡ ಪಂಡಿತನಾದವನು ಬಿಡಲಾರನು. ಆದರೆ ಚಿತ್ರಸಂಪುಟಕ್ಕೆ ಅರಗು ಒಗ್ಗುವುದಿಲ್ಲ. ಎಪ್ಪತ್ತು ಎಂಬತ್ತು ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಅದು ಮೆತ್ತಗಾಗಿ ಕರಗತೊಡಗುತ್ತದೆ. ಬಳ್ಳಾರಿಯ ವೈಶಾಖದ ಬಿಸಿಲು ನಲವತ್ತು ಡಿಗ್ರಿಯನ್ನು ಮೀರುವುದು ಸಾಮಾನ್ಯ. ತಗಡಿನ ಮಾಳಿಗೆಯ ಕೆಳಗೆ ಪೆಟ್ಟಿಗೆಯಲ್ಲಿಟ್ಟ ಅರಗಿನ ಬಿಲ್ಲೆ ಎದುರಿನ ಹಾಳೆಗೆ ಅಂಟಿಕೊಳ್ಳದೆಂದು ಹೇಳುವಂತಿಲ್ಲ.

ಶಾಖದಿಂದ ದ್ರವ್ಯವೊಂದು ರೂಪಾಂತರ ಹೊಂದುವುದಕ್ಕೆ ಕುಡತಿನಿಯ ಮಕ್ಕಳು ಚನ್ನಪಟ್ಟಣದವರೆಗೆ ಹೋಗಬೇಕಾಗಿಯೂ ಇಲ್ಲ. ಊರ ಬಳಿಯ ಬೂದಿದಿಬ್ಬವೇ ಸಾಕ್ಷಿ. ಇಂತಹ ದಿಬ್ಬಗಳನ್ನು ಹಿಂದಿನವರು ರಾಕ್ಷಸರ ಚಿತಾಭಸ್ಮವೆನ್ನುತ್ತಿದ್ದರು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ದಹಿಸಿದ ಸ್ಥಳವೆಂದು ಜನ ಇಂದಿಗೂ ಹೇಳುತ್ತಾರೆ. ನ್ಯೂಬೋಲ್ಡ್ ಎಂಬ ಆಂಗ್ಲ ಅಧಿಕಾರಿ 1836ರಲ್ಲಿಯೂ 1843ರಲ್ಲಿಯೂ ಈ ಪ್ರದೇಶದ ದಿಬ್ಬಗಳನ್ನು ಕುರಿತು ಬರೆದನು. ಜ್ವಾಲಾಮುಖಿಯ ಕಿಟ್ಟವೋ, ಕುಲುಮೆಯ ಕಸವೋ ಎಂಬ ಚರ್ಚೆ ಬಹುಕಾಲ ನಡೆಯಿತು. ಅದು ದನದ ಸಗಣಿಯ ಬೂದಿಯೆಂಬ ಅಭಿಪ್ರಾಯವನ್ನು ರಾಬರ್ಟ್ ಬ್ರೂಸ್ ಫೂಟ್ ಎತ್ತಿಹಿಡಿದನು. 1960ರಲ್ಲಿ ಝಾಯ್ನರ್ ಎಂಬ ವಿದ್ವಾಂಸರು ಪರೀಕ್ಷೆಗಳಿಂದ ಅದನ್ನು ದೃಢಪಡಿಸಿದರು. ನಾಲ್ಕೈದು ಸಾವಿರ ವರ್ಷಗಳ ಹಿಂದೆ ದನಗಾಹಿಗಳು ರೊಪ್ಪದಲ್ಲಿ ಒಟ್ಟಿದ ಸಗಣಿ ಮತ್ತೆಮತ್ತೆ ಉರಿದು, ಮೇವಿನ ಹುಲ್ಲಿನಲ್ಲಿದ್ದ ಸಿಲಿಕಾಂಶವೂ ಕ್ಷಾರವೂ ಕೂಡಿ ಕರಗಿ, ಅಲ್ಲಲ್ಲಿ ಗಾಜಿನಂತೆ ಗಟ್ಟಿಗೊಂಡಿದೆ. ಸಗಣಿಯನ್ನು ಸುಟ್ಟು ವಿಭೂತಿ ಮಾಡುವುದನ್ನು ಬಲ್ಲ ಮನೆಗಳ ಮಕ್ಕಳಿಗೆ ಈ ಪಾಠ ಬೇಗ ಹತ್ತುತ್ತದೆ. ಆದರೆ ದಿಬ್ಬದ ಚೂರುಗಳನ್ನು ಅಲಂಕಾರಕ್ಕೆಂದು ಕಿತ್ತು ತರಲು ಬಿಡಬಾರದು. ಇಂತಹ ಹಲವು ದಿಬ್ಬಗಳು ಗೊಬ್ಬರದ ಗಾಡಿಗಳಲ್ಲಿ ಹೊಲ ಸೇರಿ ಆಗಲೇ ಕರಗಿಹೋಗಿವೆ. ನೋಡಬೇಕೆಂದರೆ ದಿಬ್ಬವನ್ನು ಇದ್ದಲ್ಲಿಯೇ ನೋಡಬೇಕು. ಆ ಕಾಲದ ಇತರ ವಸ್ತುಗಳಿಗೆ ಬಳ್ಳಾರಿಯಲ್ಲಿ ಫೂಟ್ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ.

ಇನ್ನು ಮಣಿಗಳ ವಿಚಾರ. ಬೆಸೆಯುವುದಕ್ಕೆಂದೇ ಮಾಡಿದ ಪ್ಲಾಸ್ಟಿಕ್ ಮಣಿಗಳು 1950ರ ದಶಕದ ಕೊನೆಗೆ ಸ್ವೀಡನ್ ದೇಶದಲ್ಲಿ ಮೊದಲು ಕಾಣಿಸಿಕೊಂಡವು. ವೃದ್ಧರ ಕೈಬೆರಳುಗಳಿಗೆ ವ್ಯಾಯಾಮವಾಗಲೆಂದು ಹುಟ್ಟಿದುದು ಬೇಗನೆ ಮಕ್ಕಳ ಪಾಲಾಯಿತು. ಸಾಮಾನ್ಯವಾಗಿ 5 ಮಿಲಿಮೀಟರ್ ಅಳತೆಯ, ಎರಡೂ ತುದಿ ತೆರೆದ ಸಣ್ಣ ಕೊಳವೆಗಳಿವು. ಗೂಟಗಳಿರುವ ಹಲಗೆಯ ಮೇಲೆ ಒಂದೊಂದಾಗಿ ಇರಿಸಿ, ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಆಡಿಸಿದರೆ ಅಂಚುಗಳು ಕರಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಇವು ಹೆಚ್ಚಾಗಿ ಪಾಲಿಥೀನ್ ಜಾತಿಯವು. ಜಾತ್ರೆಯ ಅಂಗಡಿಯಲ್ಲಿ ಕೊಂಡು ಹರಿದುಹೋದ ಸರಗಳ ಮಣಿಗಳಾದರೋ ಬೇರೆ. ಅವು ಬಹುಮಟ್ಟಿಗೆ ಪಾಲಿಸ್ಟೈರೀನ್, ಕೆಲವೊಮ್ಮೆ ಪಿವಿಸಿ. ಈ ಭೇದವನ್ನು ತಿಳಿಯದೆ ಸಿಕ್ಕಿದ್ದನ್ನೆಲ್ಲ ಒಲೆಗೆ ಹಾಕುವುದು ಅಪಾಯಕರ. ಪಿವಿಸಿ ಕಾದಾಗ ಹೈಡ್ರೋಜನ್ ಕ್ಲೋರೈಡ್ ಎಂಬ ಅನಿಲವನ್ನು ಹೊರಬಿಡುತ್ತದೆ. ಅದು ಕಣ್ಣು, ಮೂಗು, ಗಂಟಲುಗಳನ್ನು ಸುಡುವಂಥದು. ಭಾವಚಿತ್ರಗಳಿಗೂ ಅದು ಹಗೆಯೇ: ಪಿವಿಸಿಯ ಸಂಪರ್ಕದಲ್ಲಿ ವರ್ಷಗಟ್ಟಲೆ ಇದ್ದ ಚಿತ್ರಗಳು ಕೆಡುತ್ತವೆ. ಪಾಲಿಥೀನಿಗೆ ಆ ದೋಷವಿಲ್ಲ.

ಗುರುತಿಸುವ ಬಗೆ ಸುಲಭ. ವಿಜ್ಞಾನದ ಅಧ್ಯಾಪಕರು ಇದನ್ನೇ ಸಾಂದ್ರತೆಯ ಪಾಠವಾಗಿ ಮಾಡಬಹುದು. ಎರಡು ಗಾಜಿನ ಲೋಟಗಳಲ್ಲಿ ನೀರು ತೆಗೆದುಕೊಂಡು, ಒಂದರಲ್ಲಿ ಇನ್ನು ಕರಗದು ಎನ್ನುವವರೆಗೆ ಉಪ್ಪನ್ನು ಕದಡಬೇಕು; 200 ಮಿಲಿಲೀಟರ್ ನೀರಿಗೆ ಸುಮಾರು 70 ಗ್ರಾಂ ಹಿಡಿಸುತ್ತದೆ. ಎರಡಕ್ಕೂ ಸಾಬೂನಿನ ನೀರಿನ ಒಂದು ಹನಿ ಹಾಕಿ, ಮಣಿಯನ್ನು ಕಡ್ಡಿಯಿಂದ ಮುಳುಗಿಸಿ ಅಲುಗಿಸಬೇಕು. ಇಲ್ಲವಾದರೆ ರಂಧ್ರದಲ್ಲಿ ನಿಂತ ಗಾಳಿಯ ಗುಳ್ಳೆ ಮುಳುಗಬೇಕಾದುದನ್ನೂ ತೇಲಿಸಿ ಮೋಸಮಾಡುತ್ತದೆ. ಸಿಹಿನೀರಿನಲ್ಲಿಯೇ ತೇಲುವುದು ಪಾಲಿಥೀನ್ ವರ್ಗದ್ದು. ಸಿಹಿನೀರಿನಲ್ಲಿ ಮುಳುಗಿ ಉಪ್ಪುನೀರಿನಲ್ಲಿ ತೇಲುವುದು ಪ್ರಾಯಶಃ ಪಾಲಿಸ್ಟೈರೀನ್. ಉಪ್ಪುನೀರಿನಲ್ಲಿಯೂ ತಳಕಂಡುದನ್ನು ಎಂದಿಗೂ ಕಾಯಿಸತಕ್ಕದ್ದಲ್ಲ. ಅದು ಪಿವಿಸಿಯೂ ಇರಬಹುದು, ಗಾಜೂ ಇರಬಹುದು. ಬಂಗಾರದ ಬಣ್ಣ, ಮುತ್ತಿನ ಹೊಳಪು ಲೇಪಿಸಿದ ಮಣಿಗಳನ್ನು ಪರೀಕ್ಷೆಯಿಲ್ಲದೆಯೇ ಬದಿಗಿಡುವುದು ಲೇಸು.

ಪಾಲಿಸ್ಟೈರೀನ್ ಮಣಿಗಳನ್ನು ಸುಮಾರು 200 ಡಿಗ್ರಿ ಶಾಖದ ಭಟ್ಟಿಯಲ್ಲಿ ಕರಗಿಸಿ ಬಿಲ್ಲೆ ಮಾಡುವ ಪದ್ಧತಿ ಹೊರದೇಶಗಳಲ್ಲಿ ಉಂಟು. ಶಾಲೆಯಲ್ಲಿ ಅದು ಬೇಡ. ಅದರ ಆವಿ ಒಳ್ಳೆಯದಲ್ಲ. ಅಡುಗೆಯ ಪಾತ್ರೆ ಒಮ್ಮೆ ಅದಕ್ಕೆ ಬಳಕೆಯಾದರೆ ಮತ್ತೆ ಅಡುಗೆಗೆ ಸಲ್ಲದು. ಆ ಮಣಿಗಳನ್ನು ಕರಗಿಸದೆ ನೂಲಿನಲ್ಲಿ ಪೋಣಿಸಿ ಹಾಳೆಯ ಅಂಚಿಗೆ ಹೊಲಿದರೆ ಅಂದವೇನೂ ಕಡಮೆಯಾಗದು. ಎರಡು ಜಾತಿಗಳನ್ನು ಬೆರಸಿ ಬೆಸೆಯುವ ಪ್ರಯತ್ನವೂ ವ್ಯರ್ಥ. ಪಾಲಿಥೀನೂ ಪಾಲಿಸ್ಟೈರೀನೂ ಕರಗಿದರೂ ಕೂಡುವುದಿಲ್ಲ, ಆರಿದೊಡನೆ ಬಿಟ್ಟುಕೊಳ್ಳುತ್ತವೆ.

ಬೆಸುಗೆಯ ಕ್ರಮ ಹೀಗಿದೆ. ಮೊದಲು ವಿನ್ಯಾಸವನ್ನು ಚೌಕುಳಿ ಕಾಗದದ ಮೇಲೆ ಬರೆದುಕೊಳ್ಳಬೇಕು. ಇಲ್ಲಿ ನಮ್ಮ ನಾಡಿನ ಹೆಣ್ಣುಮಕ್ಕಳ ಕಸೂತಿಯೇ ಗುರು. ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವ ಆ ಹೊಲಿಗೆಯ ಗೋಪುರ, ತೇರು, ತುಳಸಿಕಟ್ಟೆ, ಆನೆಗಳೆಲ್ಲ ಎಣಿಕೆಯ ಮೇಲೆಯೇ ನಿಂತವಾದ್ದರಿಂದ, ಅವನ್ನು ಮಣಿಯ ಎಣಿಕೆಗೆ ಇಳಿಸುವುದು ಕಷ್ಟವಲ್ಲ. ಮೆಂತೆ ಹೊಲಿಗೆಯ ಅಡ್ಡಗೆರೆಗಳು ಹೆಚ್ಚು ಚೆನ್ನಾಗಿ ಹೊಂದುತ್ತವೆ. ಗವಂತಿಯ ಒಂಟಿಗೆರೆಗೆ ಮಾತ್ರ ಸ್ವಲ್ಪ ದಪ್ಪ ಬರುತ್ತದೆ. ಚುಕ್ಕಿಯ ರಂಗವಲ್ಲಿಯೂ ಆಗಬಹುದು. ಸಾಮಾನ್ಯ ಚೌಕ ಹಲಗೆಯಲ್ಲಿ ಸಾಲಿಗೆ 29 ಗೂಟಗಳಂತೆ 29 ಸಾಲು, ಒಟ್ಟು 841 ಸ್ಥಾನಗಳಿರುತ್ತವೆ. 29 ಬೆಸ ಸಂಖ್ಯೆಯಾದುದರಿಂದ ನಟ್ಟನಡುವೆ ಒಂದೇ ಗೂಟ ಸಿಗುತ್ತದೆ. ರಂಗವಲ್ಲಿಗೆ ಇದು ಅನುಕೂಲ. ಕುಡತಿನಿಯ ಸಂಪುಟಕ್ಕೆ ಬೂದಿದಿಬ್ಬದ ಆಕೃತಿಯೇ ಒಪ್ಪುವುದು: ಬೂದು, ಕಪ್ಪು, ಬಿಳಿ ಎಂಬ ಮೂರೇ ಬಣ್ಣ, ಅಡಿಯಲ್ಲಿ ಒಂದು ಸಾಲು ಕೆಮ್ಮಣ್ಣು. ಹಲಗೆಯಿಲ್ಲದ ಶಾಲೆಯವರು ಅಂಟುಪಟ್ಟಿಯನ್ನು ಅಂಟು ಮೇಲಾಗಿ ಹರಡಿ ಅದರ ಮೇಲೆ ಮಣಿಗಳನ್ನು ನೆಟ್ಟಗೆ ನಿಲ್ಲಿಸಬಹುದು. ಕೆಲಸ ನಿಧಾನ, ಫಲ ಅದೇ.

ಇಸ್ತ್ರಿಪೆಟ್ಟಿಗೆ ವಿದ್ಯುತ್ತಿನದಾಗಿರಬೇಕು, ಇದ್ದಲಿನ ಪೆಟ್ಟಿಗೆಯ ಶಾಖಕ್ಕೆ ಹಿಡಿತವಿಲ್ಲ. ಪಾಲಿಥೀನ್ ಸುಮಾರು 110 ಡಿಗ್ರಿಗೆ ಕರಗುತ್ತದೆ. ಪೆಟ್ಟಿಗೆಯ ತಿರುಗಣೆಯ ಮೇಲಿನ ಎರಡು ಚುಕ್ಕಿ 150 ಡಿಗ್ರಿಯ ಸುಮಾರಿನ ಗುರುತು, ಅಷ್ಟೇ ಸಾಕು. ನಡುವೆ ಬೇಕರಿಯವರು ಬಳಸುವ, ಶಾಖ ತಡೆಯುವ ಕಾಗದವನ್ನು ಹಾಸಬೇಕು. ಮೇಣ ಹಚ್ಚಿದ ಕಾಗದವಾದರೆ ಮೇಣ ಕರಗಿ ಮಣಿಗೆ ಹತ್ತುತ್ತದೆ. ವೃತ್ತಪತ್ರಿಕೆಯಾದರೆ ಪತ್ರಿಕೆಯೇ ಹತ್ತುತ್ತದೆ. ಒತ್ತದೆ, ಹಗುರವಾಗಿ, ವರ್ತುಲಾಕಾರದಲ್ಲಿ ಹತ್ತರಿಂದ ಇಪ್ಪತ್ತು ಸೆಕೆಂಡು ಆಡಿಸಿ ನೋಡಬೇಕು. ಮಣಿಗಳ ಬಾಯಿ ಕಿರಿದಾಗುತ್ತ ಬಂದು ನೆರೆಮಣಿಯನ್ನು ಮುಟ್ಟಿದಾಗ ನಿಲ್ಲಿಸತಕ್ಕದ್ದು. ಹೊಗೆ ಕಂಡರೆ ಶಾಖ ಮಿತಿಮೀರಿತೆಂದೇ ಅರ್ಥ. ಕಾಗದವನ್ನು ಬಿಡಿಸದೆ, ಮೇಲೊಂದು ದಪ್ಪ ನಿಘಂಟನ್ನು ಹೇರಿ ಆರಬಿಡಬೇಕು. ಹಾಗೆ ಮಾಡದಿದ್ದರೆ ಬಿಲ್ಲೆ ಹಪ್ಪಳದಂತೆ ಮುದುಡುತ್ತದೆ. (ನಿಘಂಟಿಗೆ ವರ್ಷಕ್ಕೊಮ್ಮೆಯಾದರೂ ಕೆಲಸ ದೊರೆತಂತಾಯಿತು.)

ಕಿಟಕಿಗಳನ್ನು ತೆರೆದ ಕೋಣೆಯಲ್ಲಿ, ಪೆಟ್ಟಿಗೆಯನ್ನು ಉಪಾಧ್ಯಾಯರೇ ಹಿಡಿದು ಈ ಕೆಲಸ ನಡೆಯಬೇಕು, ಜೋಡಣೆಯಷ್ಟೇ ಮಕ್ಕಳದು. ಎಳೆಯ ಮಕ್ಕಳ ಕೈಗೆ ಮಣಿ ಸಿಗಬಾರದು. ನುಂಗುವ, ಮೂಗಿಗೆ ಸೇರಿಸಿಕೊಳ್ಳುವ ಭಯವುಂಟು. ಕರಗಿದ ಪ್ಲಾಸ್ಟಿಕ್ ಚರ್ಮಕ್ಕೆ ಹತ್ತಿದರೆ ಕಿತ್ತು ತೆಗೆಯಲು ಹೋಗಬಾರದು, ಚರ್ಮವೂ ಕಿತ್ತುಬರುತ್ತದೆ. ಹರಿಯುವ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಹಿಡಿದು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಅರಿಸಿನ, ಶಾಯಿ, ಹಲ್ಲಿನ ಪೇಸ್ಟುಗಳ ಉಪಚಾರ ಕೂಡದು.

ಬಿಲ್ಲೆಯನ್ನು ಹಾಳೆಗೆ ಅಂಟಿಸುವ ಹಂತದಲ್ಲಿ ಅನೇಕರು ನಿರಾಶರಾಗುತ್ತಾರೆ. ಪಾಲಿಥೀನಿಗೆ ಯಾವ ಗೋಂದೂ ನಿಲ್ಲುವುದಿಲ್ಲ. ಇಂದು ಹತ್ತಿದ್ದು ನಾಳೆ ಉದುರುತ್ತದೆ. ಆದುದರಿಂದ ಹೊಲಿಯುವುದೇ ಮಾರ್ಗ. ಒಂದು ಮಗ್ಗುಲನ್ನು ಚೆನ್ನಾಗಿ ಬೆಸೆದು, ಇನ್ನೊಂದು ಮಗ್ಗುಲನ್ನು ಅರೆಬರೆಯಾಗಿ ಬಿಟ್ಟರೆ ಮಣಿಗಳ ರಂಧ್ರಗಳು ಉಳಿಯುತ್ತವೆ; ನಾಲ್ಕು ಮೂಲೆಯ ರಂಧ್ರಗಳಲ್ಲಿ ಹತ್ತಿಯ ದಾರ ಪೋಣಿಸಿ ಹಾಳೆಗೆ ಬಿಗಿದು ಹಿಂದೆ ಗಂಟು ಹಾಕಬೇಕು. ರಂಧ್ರ ಮುಚ್ಚುವವರೆಗೆ ಕಾಯಿಸಿದ ಬಿಲ್ಲೆ ಹೆಚ್ಚು ನುಣುಪಾಗಿ ಕಾಣುವುದೇನೋ ನಿಜ, ಆದರೆ ಹೊಲಿಗೆಗೆ ಬಾರದು. ನುಣುಪಿಗಿಂತ ಬಾಳಿಕೆ ಮೇಲು.

ಭಾವಚಿತ್ರದ ಮೇಲೆ ಬಿಲ್ಲೆಯನ್ನು ಎಂದೂ ಇಡಬಾರದು, ಎದುರುಹಾಳೆಯ ಚಿತ್ರಕ್ಕೆ ಅದು ನೇರವಾಗಿ ತಾಕಲೂಬಾರದು. ನಾಲ್ಕೈದು ಮಿಲಿಮೀಟರ್ ದಪ್ಪದ ಆ ಗಂಟು, ಸಂಪುಟವನ್ನು ಮುಚ್ಚಿದಾಗ ಎದುರಿನ ಮುಖದ ಮೇಲೆ ತಗ್ಗು ಒತ್ತಿಬಿಡುತ್ತದೆ. ಹಾಳೆಯ ಹೊರ ಅಂಚಿನಲ್ಲಿ ಬಿಲ್ಲೆ, ಒಳಗೆ ಚಿತ್ರ, ನಡುವೆ ತೆಳುಕಾಗದದ ಪರದೆ. ಬೆನ್ನಿನ ಬಳಿ ಬಿಲ್ಲೆಯಷ್ಟೇ ದಪ್ಪದ ರಟ್ಟಿನ ಪಟ್ಟಿಗಳನ್ನು ಸೇರಿಸಿ ಕಟ್ಟಿದರೆ ಸಂಪುಟ ಬೀಗುವುದಿಲ್ಲ. ಹಾಳೆಯೊಂದಕ್ಕೆ ಬಿಲ್ಲೆ ಒಂದು, ಹೆಚ್ಚೆಂದರೆ ಎರಡು. ಕಾಲಂದುಗೆಯನ್ನು ಕೈಗೆ ತೊಟ್ಟವರ ಅಂದವೇನೆಂಬುದನ್ನು ಔಚಿತ್ಯವಿಚಾರಕನಾದ ಕಾಶ್ಮೀರದ ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿಯೇ ನಕ್ಕು ಹೇಳಿದ್ದಾನೆ.

ಚಿತ್ರದಲ್ಲಿರುವವರ ಹೆಸರು, ಹೊಲದ ಹೆಸರು, ವರ್ಷ, ಇವನ್ನು ಹಿರಿಯರು ಇರುವಾಗಲೇ ಕೇಳಿ, ಚಿತ್ರದ ಕೆಳಗಿನ ಹಾಳೆಯಲ್ಲಿ ಮೆದು ಪೆನ್ಸಿಲಿನಿಂದ ಬರೆಯಿಸಬೇಕು. ಬಿಲ್ಲೆ ಮಾಡಿದ ಮಗುವಿನ ಹೆಸರು ಹಾಳೆಯ ಹಿಂಬದಿಗೆ, ದಾರದ ಗಂಟಿನ ಪಕ್ಕದಲ್ಲಿ.