ಹೊಲದಲ್ಲಿ ಸಿಕ್ಕ ಹಿತ್ತಾಳೆ: ಉಜ್ಜುವ ಮೊದಲು ಅರ್ಜಿ ಬರೆಯಿರಿ

ಹುಣಸೂರು ತಾಲ್ಲೂಕು ಗಾವಡಗೆರೆ ಹೋಬಳಿಯ ಹೊಗೆಸೊಪ್ಪಿನ ಹೊಲ ಉಳುವಾಗಲೋ ಹಳೇ ಮನೆ ಕೆಡವಿ ಪಾಯ ತೆಗೆಯುವಾಗಲೋ ಕಿಲುಬು ಹಿಡಿದ ಹಿತ್ತಾಳೆಯ ವಸ್ತುವೊಂದು ಮೇಲೆ ಬರಬಹುದು. ಈಗ ಆನ್‌ಲೈನ್‌ನಲ್ಲಿ ಮೆಟಲ್ ಡಿಟೆಕ್ಟರ್ ತರಿಸಿ ಹುಡುಕುವವರೂ ಇದ್ದಾರೆ. ಸಿಕ್ಕದ್ದು ಎತ್ತಿನ ಕೊಂಬಿನ ಅಣಸೋ, ಸುಣ್ಣದ ಡಬ್ಬಿಯೋ, ದೇವರ ಗಂಟೆಯೋ, ಹಳೇ ತೂಕದ ಬೊಟ್ಟೋ ತಿಳಿಯದು. ಆಗ ಸಾಮಾನ್ಯವಾಗಿ ನಡೆಯುವುದು ಎರಡು ಕೆಲಸ: ಹುಣಸೆಹಣ್ಣು ಹಾಕಿ ಉಜ್ಜುವುದು, ಆಮೇಲೆ ಗುಜರಿಯವನಿಗೆ ತೋರಿಸುವುದು. ಎರಡೂ ತಪ್ಪು. ಉಜ್ಜಿದರೆ ಅಕ್ಷರ, ಮುದ್ರೆ, ಕಾಲದ ಗುರುತು ಅಳಿಸಿಹೋಗುತ್ತವೆ. ಗುಜರಿಗೆ ಹಾಕಿದರೆ ಕಾನೂನಿನ ತೊಡಕು ಮೈಮೇಲೆ ಬರುತ್ತದೆ.

ವಸ್ತು ಏನೆಂದು ಗುರುತಿಸಲು ಅದು ಸಿಕ್ಕ ಜಾಗ ಎಷ್ಟು ಮುಖ್ಯ ಎಂಬುದಕ್ಕೆ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರ ಗ್ರಾಮ ಸಾಕ್ಷಿ. 2002ರಲ್ಲಿ ಅಲ್ಲಿನ ಪಾಳುಬಾವಿಯೊಂದರ ಹೂಳೆತ್ತುವಾಗ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ನೂರಕ್ಕೂ ಹೆಚ್ಚು ಸಿಕ್ಕವು. ಅವು ಏನೆಂದು ಆಗ ತಿಳಿಯಲಿಲ್ಲ. ಆದರೆ ಗುಜರಿ ಪಾಲಾಗದೆ ಶಿವಮೊಗ್ಗದ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದವು. ಸುಮಾರು ಒಂದು ದಶಕದ ನಂತರ, ಅವು ಟಿಪ್ಪು ಕಾಲದ ಮೈಸೂರು ರಾಕೆಟ್‌ಗಳೆಂದು ಗೊತ್ತಾಯಿತು. ಯಾವ ಬಾವಿಯಲ್ಲಿ ಸಿಕ್ಕಿದ್ದವೆಂಬುದು ತಿಳಿದಿದ್ದರಿಂದಲೇ 2018ರಲ್ಲಿ ಪುರಾತತ್ವ ಇಲಾಖೆ ಅಲ್ಲಿಯೇ ಅಗೆಸಿತು, ಇನ್ನೂ ಸಾವಿರಕ್ಕೂ ಹೆಚ್ಚು ಸಿಕ್ಕವು. ಕೊಳವೆಯೊಳಗೆ ಮದ್ದಿನ ಪುಡಿ ಉಳಿದಿತ್ತು. ಆದ್ದರಿಂದ ಬಾಯಿ ಮುಚ್ಚಿದ ಯಾವ ಲೋಹದ ವಸ್ತು ಸಿಕ್ಕರೂ ಸುತ್ತಿಗೆಯಿಂದ ಹೊಡೆಯಬೇಡಿ, ಕಾಯಿಸಬೇಡಿ. ಮದ್ದುಗುಂಡಿನ ಅನುಮಾನ ಬಂದರೆ ದೂರ ಸರಿದು 112ಕ್ಕೆ ಕರೆ ಮಾಡಿ.

ಈಗ ಕಾನೂನಿನ ಮಾತು. ನಿಧಿ ನಿಕ್ಷೇಪದ ಬಗ್ಗೆ ನಮ್ಮ ರಾಜ್ಯಕ್ಕೆ ತನ್ನದೇ ಆದ 1962ರ ಕಾಯ್ದೆ ಇದೆ. ನೆಲದೊಳಗೆ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಡಳಿತಕ್ಕೆ ಲಿಖಿತವಾಗಿ ತಿಳಿಸಬೇಕು. ‘ನಮ್ಮ ಜಮೀನಿನಲ್ಲಿ ಸಿಕ್ಕಿದ್ದು, ನಮ್ಮದೇ’ ಎಂಬ ವಾದ ನಿಲ್ಲುವುದಿಲ್ಲ. ಬೇರೆಯವರ ಹೊಲದಿಂದ ಎತ್ತಿಕೊಂಡು ಹೋದರೆ ಭಾರತೀಯ ನ್ಯಾಯ ಸಂಹಿತೆಯಡಿ ಕಳವು ಅಥವಾ ದುರುಪಯೋಗದ ಪ್ರಕರಣವೂ ಆಗಬಹುದು. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ನಾಗರಹೊಳೆ ಕಾಡಿನೊಳಕ್ಕಂತೂ ಡಿಟೆಕ್ಟರ್ ಹಿಡಿದು ಕಾಲಿಡಲೇಬೇಡಿ.

ವಸ್ತುವಿಗೆ ನೂರು ವರ್ಷ ದಾಟಿದ್ದು, ಚಾರಿತ್ರಿಕ ಮಹತ್ವವೂ ಇದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯವಾಗುತ್ತದೆ. ಅಂಥ ವಸ್ತುವಿನ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸಿದರೆ ಕನಿಷ್ಠ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಜೊತೆಗೆ ದಂಡ. ಒಂದು ವಸ್ತು ಪುರಾತನವೇ ಅಲ್ಲವೇ ಎಂಬ ತಕರಾರು ಬಂದಾಗ ತೀರ್ಮಾನಿಸುವುದು ಅಕ್ಕಸಾಲಿಗರೂ ಅಲ್ಲ, ಊರ ಹಿರಿಯರೂ ಅಲ್ಲ. 24ನೇ ಕಲಂ ಆ ಅಧಿಕಾರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಿಗೆ ಅಥವಾ ಅವರು ನೇಮಿಸಿದ ಅಧಿಕಾರಿಗೆ ಕೊಟ್ಟಿದೆ.

ವಸ್ತು ಕಂಡ ಕೂಡಲೇ ಅಗೆತ ನಿಲ್ಲಿಸಿ. ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಅದು ಇದ್ದಲ್ಲಿಯೇ ಫೋಟೊ ತೆಗೆಯಿರಿ. ಸರ್ವೆ ನಂಬರು, ಆಳ, ದಿನಾಂಕ, ಜೊತೆಗಿದ್ದವರ ಹೆಸರು ಬರೆದಿಡಿ. ಅರ್ಜಿಯನ್ನು ಜಿಲ್ಲಾಧಿಕಾರಿಯವರ ಹೆಸರಿಗೆ ಬರೆದು ಹುಣಸೂರು ತಹಶೀಲ್ದಾರರ ಮೂಲಕ ಸಲ್ಲಿಸಿ. ಒಂದು ಪ್ರತಿಯನ್ನು ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿಗೂ ಕಳಿಸಿ. ಮೇಲೆ ಅಕ್ಷರಗಳಿದ್ದರೆ ಅದನ್ನು ಅರ್ಜಿಯಲ್ಲಿ ತಪ್ಪದೆ ಹೇಳಿ. ಅವನ್ನು ಓದಬಲ್ಲ, ಸರ್ವೇಕ್ಷಣ ಇಲಾಖೆಯ ಶಾಸನ ವಿಭಾಗದ ಕೇಂದ್ರವೂ ಮೈಸೂರಿನಲ್ಲೇ ಇದೆ.

ಕೊಟ್ಟರೆ ಕೈಬಿಟ್ಟಂತೆ ಎಂಬ ಅಳುಕು ಹಳ್ಳಿಗಳಲ್ಲಿದೆ, ಅದು ಸಹಜವೂ ಹೌದು. ಅದಕ್ಕೇ ಬರಿಗೈಯಲ್ಲಿ ಹಿಂದಿರುಗಬೇಡಿ. ಅರ್ಜಿಗೆ ಸ್ವೀಕೃತಿ ಪಡೆಯಿರಿ. ವಸ್ತು ಒಪ್ಪಿಸುವಾಗ ತೂಕ, ಅಳತೆ, ಗುರುತುಗಳನ್ನು ನಮೂದಿಸಿದ ಮಹಜರು ಬರೆಸಿ, ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಿ, ಪ್ರತಿ ಕೇಳಿ. ಮುಂದೇನಾಯಿತೆಂದು ತಿಳಿಯದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಬರಬೇಕು. ಪೊಲೀಸರು ಅನುಮಾನದಿಂದ ಕರೆದರೂ ಅದೇ ಸ್ವೀಕೃತಿ ನಿಮ್ಮ ರಕ್ಷಣೆಗೆ ನಿಲ್ಲುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಒಂದು ಹಿತ್ತಾಳೆ ಸಿಕ್ಕಿತೆಂದರೆ ‘ಕೆಳಗೆ ಕೊಪ್ಪರಿಗೆ ಇದೆ, ಬಲಿ ಕೊಡಬೇಕು’ ಎನ್ನುವವರು ಹುಡುಕಿಕೊಂಡು ಬರುತ್ತಾರೆ. ವಂಚನೆಯಷ್ಟೇ ಅಲ್ಲ, ಜೀವಗಳೂ ಹೋಗುವ ದಾರಿ ಅದು. ನಿಧಿಗಾಗಿ ಮಾಟ, ಅಮಾನುಷ ಆಚರಣೆ ನಡೆಸುವುದನ್ನು 2017ರ ರಾಜ್ಯ ಕಾಯ್ದೆ ನಿಷೇಧಿಸಿದೆ, ಒಂದರಿಂದ ಏಳು ವರ್ಷ ಜೈಲು. ಅಂಥವರು ಬಾಗಿಲಿಗೆ ಬಂದರೆ ಪೊಲೀಸರಿಗೆ ತಿಳಿಸಿ.

ಅರ್ಜಿ ಬರೆಯಲು ನೆರವು ಬೇಕಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಕಡಿಮೆ ಆದಾಯದವರಿಗೆ ನೆರವು ಉಚಿತ. ಸಹಾಯವಾಣಿ ಸಂಖ್ಯೆ 15100.