ಹಸಿವಿಗೆ ಮುಂಚೆ ಪ್ರಶ್ನೆ: ಅಲರ್ಜಿ ಇರುವ ಮಗುವಿನೊಂದಿಗೆ ಡಿಸ್ನಿ ವರ್ಲ್ಡ್

ಫ್ಲಾರಿಡಾದ ಒರ್ಲ್ಯಾಂಡೊ ಬಳಿಯಿರುವ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೋಗುವ ಕನ್ನಡದ ಕುಟುಂಬಗಳು ಈಗ ಕಡಿಮೆಯೇನಿಲ್ಲ. ಅಮೆರಿಕದಲ್ಲಿ ನೆಲೆಸಿದವರು ಮಕ್ಕಳ ರಜೆಗೆ ಹೊರಡುತ್ತಾರೆ, ಊರಿಂದ ಬಂದ ಅಜ್ಜಿ ತಾತನನ್ನೂ ಕರೆದೊಯ್ಯುತ್ತಾರೆ. ಆದರೆ ಮಗುವಿಗೆ ಕಡಲೆಕಾಯಿಯೋ ಗೋಡಂಬಿಯೋ ಹಾಲೋ ಮೊಟ್ಟೆಯೋ ಆಗುವುದಿಲ್ಲ ಎಂದರೆ, "ಈ ವರ್ಷ ಬೇಡ, ಇನ್ನೂ ಸ್ವಲ್ಪ ದೊಡ್ಡವನಾಗಲಿ" ಎಂದು ಪ್ರವಾಸವನ್ನೇ ಮುಂದಕ್ಕೆ ಹಾಕುವ ಮನೆಗಳಿವೆ. ಹಾಕಬೇಕಾಗಿಲ್ಲ. ಅಲ್ಲಿನ ಅಡುಗೆಮನೆಗಳಿಗೆ ಅಲರ್ಜಿ ಹೊಸ ವಿಷಯವಲ್ಲ. ಅಪಾಯ ಬರುವುದು ಮಧ್ಯಾಹ್ನ ಎರಡು ಗಂಟೆಯ ಬಿಸಿಲಲ್ಲಿ ಮಗು ಹಸಿದು ಅಳುವಾಗ, ಸುಸ್ತಾದ ದೊಡ್ಡವರು ಎದುರಿಗೆ ಸಿಕ್ಕಿದ ಗಾಡಿಯಲ್ಲಿ ಏನೋ ಒಂದು ಕೊಡಿಸಿಬಿಡುವಾಗ. ಆ ಗಳಿಗೆಯೇ ಬರದಂತೆ ನೋಡಿಕೊಳ್ಳಬೇಕು. ಹೇಗೆ ಎನ್ನುವುದಕ್ಕೆ ಈ ಸೂತ್ರಗಳು.

1. ಮೊದಲು ಡಾಕ್ಟರು, ಆಮೇಲೆ ಟಿಕೆಟ್ಟು

ಹೊರಡುವುದಕ್ಕೆ ತಿಂಗಳುಗಳ ಮೊದಲೇ ಅಲರ್ಜಿ ವೈದ್ಯರನ್ನು ಕಾಣಿ. ಯಾವ ಪದಾರ್ಥ ಆಗುವುದಿಲ್ಲ, ಏನಾದರೆ ಯಾವ ಔಷಧಿ, ಎಷ್ಟು ಪ್ರಮಾಣ ಎಂಬುದನ್ನು ಒಂದೇ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ತೀವ್ರ ರಿಯಾಕ್ಷನ್ನಿಗೆ ಕೊಡುವ ಎಪಿನೆಫ್ರಿನ್ ಆಟೋ-ಇಂಜೆಕ್ಟರ್ (ಎಪಿಪೆನ್‌ನಂಥದು) ಎರಡಾದರೂ ಇರಬೇಕು. ಎಪಿಪೆನ್‌ನಲ್ಲಿ 15ರಿಂದ 30 ಕಿಲೊ ತೂಕದ ಮಕ್ಕಳಿಗೆ 0.15 ಮಿಲಿಗ್ರಾಂ, ಅದಕ್ಕಿಂತ ಹೆಚ್ಚು ತೂಕದವರಿಗೆ 0.3 ಮಿಲಿಗ್ರಾಂ. ಬೆಳೆಯುವ ಮಕ್ಕಳ ತೂಕ ಒಂದು ವರ್ಷದಲ್ಲೇ ಈ ಗೆರೆ ದಾಟಿಬಿಡುತ್ತದೆ, ಹಾಗಾಗಿ ಹಳೆಯ ಚೀಟಿಯನ್ನು ನಂಬಬೇಡಿ. ಚುಚ್ಚುವುದಕ್ಕೆ ಹೆದರುವವರಿಗೆ ಮೂಗಿಗೆ ಸಿಂಪಡಿಸುವ ಎಪಿನೆಫ್ರಿನ್ ಕೂಡ ಅಮೆರಿಕದಲ್ಲಿ 2024ರಿಂದ ಸಿಗುತ್ತಿದೆ. ಭಾರತದಿಂದ ಹೊರಡುವವರು ಇನ್ನೂ ಬೇಗ ವೈದ್ಯರ ಹತ್ತಿರ ಹೋಗಬೇಕು. ಇಲ್ಲಿ ಆಟೋ-ಇಂಜೆಕ್ಟರ್ ಮೆಡಿಕಲ್ ಶಾಪಿಗೆ ಹೋದ ಕೂಡಲೇ ಸಿಗುವ ವಸ್ತುವಲ್ಲ. ಪ್ರವಾಸದ ವಿಮೆ ಮಾಡಿಸುವಾಗ ಅಲರ್ಜಿಯನ್ನು ಮುಚ್ಚಿಡದೆ ಬರೆಸಿ, ಮೊದಲಿಂದ ಇರುವ ಕಾಯಿಲೆಗೆ ಅದು ಅನ್ವಯಿಸುತ್ತದೆಯೇ ಎಂದು ಓದಿ ನೋಡಿ.

ಮಗುವಿಗೆ ಆಗದ ಪದಾರ್ಥವನ್ನೇ ದಿನಾ ಸ್ವಲ್ಪ ಸ್ವಲ್ಪವೇ ಕೊಟ್ಟು ಅಭ್ಯಾಸ ಮಾಡಿಸುವ ಚಿಕಿತ್ಸೆ ನಡೆಯುತ್ತಿದ್ದರೆ ಪಾರ್ಕಿನ ದಿನಗಳ ಬಗ್ಗೆ ಪ್ರತ್ಯೇಕವಾಗಿ ಕೇಳಿ. ಬಿಸಿಲು, ಓಡಾಟ, ನಿದ್ದೆಗೇಡು, ಜ್ವರ ಇವೆಲ್ಲ ಆ ಡೋಸಿಗೇ ಮೈ ಕೆರಳುವಂತೆ ಮಾಡಬಲ್ಲವು. ಬೆಳಿಗ್ಗೆ ಡೋಸ್ ಕೊಟ್ಟು ನೇರವಾಗಿ ಬಿಸಿಲಿಗೆ ಕರೆದೊಯ್ಯುವ ಹಾಗಿಲ್ಲ.

2. ಎರಡು ಇಂಜೆಕ್ಟರ್, ಒಂದು ಚೀಲ, ಒಬ್ಬರ ಹೆಗಲು

ಔಷಧಿಯ ಚೀಲ ಈ ಹೊತ್ತು ಯಾರ ಹತ್ತಿರ ಇದೆ ಎಂಬುದು ಇಡೀ ಗುಂಪಿಗೆ ಗೊತ್ತಿರಬೇಕು. ಹೆಗಲು ಬದಲಾಯಿಸುವಾಗ ಬಾಯಿಬಿಟ್ಟು ಹೇಳಿ: "ತಗೋ, ಈಗ ನಿನ್ನ ಹತ್ತಿರ." ಸ್ಟ್ರಾಲರ್‌ನಲ್ಲಿ ಇಡಬೇಡಿ, ರೈಡ್ ಹೊರಗೆ ನಿಲ್ಲಿಸಿದ ಸ್ಟ್ರಾಲರನ್ನು ಸಿಬ್ಬಂದಿ ಜರುಗಿಸುತ್ತಾರೆ. ಕಾರಿನಲ್ಲೂ ಬೇಡ. ಈ ಔಷಧಿ ಇರಬೇಕಾದ ಉಷ್ಣಾಂಶ 20ರಿಂದ 25 ಡಿಗ್ರಿ ಸೆಲ್ಸಿಯಸ್. ಫ್ಲಾರಿಡಾದ ಬೇಸಿಗೆಯಲ್ಲಿ ಮುಚ್ಚಿದ ಕಾರು ಒಲೆಯಂತೆ ಕಾಯುತ್ತದೆ. ಹಾಗೆಂದು ಐಸಿನ ಪ್ಯಾಕಿಗೆ ತಗುಲಿಸಿಯೂ ಇಡುವಂತಿಲ್ಲ. ಶಾಖ ತಡೆಯುವ ಸಣ್ಣ ಪೌಚ್ ಸಾಕು.

ಡಿಸ್ನಿಯಲ್ಲಿ ರೈಡರ್ ಸ್ವಿಚ್ ಎಂಬ ಏರ್ಪಾಡಿದೆ: ಒಬ್ಬರು ರೈಡಿಗೆ ಹೋದಾಗ ಇನ್ನೊಬ್ಬರು ಚಿಕ್ಕ ಮಗುವಿನೊಂದಿಗೆ ಹೊರಗೆ ಉಳಿಯಬಹುದು, ಆಮೇಲೆ ಅವರ ಸರದಿ. ಆಗ ಚೀಲವೂ ಮಗುವಿನ ಬಳಿಯೇ ಉಳಿಯಬೇಕು. ಪಕ್ಕದ ಯೂನಿವರ್ಸಲ್ ಪಾರ್ಕಿಗೂ ಹೋಗುವವರು ಗಮನಿಸಿ, ಅಲ್ಲಿ ಕೆಲವು ದೊಡ್ಡ ಕೋಸ್ಟರ್‌ಗಳಿಗೆ ಕೈಚೀಲವನ್ನು ಲಾಕರಿನಲ್ಲಿ ಇಟ್ಟೇ ಒಳಗೆ ಹೋಗಬೇಕು. ಮಗು ಹತ್ತುತ್ತಿದ್ದರೆ ಬಾಗಿಲಲ್ಲೇ ಔಷಧಿಯ ವಿಷಯ ಹೇಳಿ, ಏನು ಮಾಡಬಹುದೆಂದು ಕೇಳಿ.

3. ಅಜ್ಜಿಯ ಡಬ್ಬಿಯನ್ನೂ ತೆರೆದು ನೋಡಿ

ಈ ಮಾತು ಹೇಳಲು ಮುಜುಗರ, ಆದರೂ ಹೇಳಲೇಬೇಕು. ನಮ್ಮ ಮನೆಗಳಲ್ಲಿ ಅಲರ್ಜಿಯ ಪದಾರ್ಥ ಬರುವುದು ಬಹಳ ಸಲ ಪ್ರೀತಿಯಿಂದಲೇ. ಊರಿಂದ ಬಂದ ನಿಪ್ಪಟ್ಟಿನಲ್ಲಿ ಕಡಲೆಕಾಯಿ ತರಿ, ಚಟ್ನಿಪುಡಿಯಲ್ಲಿ ಶೇಂಗಾ, ಪುಳಿಯೋಗರೆ ಗೊಜ್ಜಿನಲ್ಲಿ ಎಳ್ಳು, ಬರ್ಫಿಯಲ್ಲಿ ಗೋಡಂಬಿ. ತುಪ್ಪವೂ ಹಾಲಿನದೇ, ಹಾಲಿನ ಪ್ರೋಟೀನ್ ಆಗದ ಮಗುವಿಗೆ "ತುಪ್ಪ ಪರವಾಗಿಲ್ಲ" ಎನ್ನುವಂತಿಲ್ಲ. ಹಾಲು ಜೀರ್ಣವಾಗದಿರುವುದು ಬೇರೆ, ಹಾಲಿನ ಅಲರ್ಜಿ ಬೇರೆ.

"ಒಂದು ಚೂರು ತಿಂದರೆ ಏನಾಗುತ್ತೆ, ನಮ್ಮ ಕಾಲದಲ್ಲಿ ಇದೆಲ್ಲ ಇತ್ತಾ" ಎನ್ನುವ ಹಿರಿಯರೊಂದಿಗೆ ವಾದಕ್ಕಿಳಿಯಬೇಡಿ. ಇಂಜೆಕ್ಟರ್‌ನ ಟ್ರೇನರ್ ಎಂಬ ಸೂಜಿಯಿಲ್ಲದ ಅಭ್ಯಾಸದ ಸಾಧನವನ್ನು ಅವರ ಕೈಗೆ ಕೊಟ್ಟು ತೊಡೆಯ ಮೇಲೆ ಒತ್ತುವುದನ್ನು ಅಭ್ಯಾಸ ಮಾಡಿಸಿ. ಒಮ್ಮೆ ಆ ಹೊಣೆ ಕೈಗೆ ಬಂದ ಮೇಲೆ ಎಲ್ಲರಿಗಿಂತ ಕಟ್ಟುನಿಟ್ಟಾಗಿ ಕಾಯುವವರು ಅಜ್ಜಿ ತಾತಂದಿರೇ.

4. ಲೇಬಲ್ ಓದುವಾಗ ದೇಶ ಯಾವುದೆಂದು ನೋಡಿ

ಅಮೆರಿಕದ ಕಾನೂನು ಒಂಬತ್ತು ಅಲರ್ಜಿಕಾರಕಗಳನ್ನು ಪೊಟ್ಟಣದ ಮೇಲೆ ಬರೆಯಲೇಬೇಕು ಎನ್ನುತ್ತದೆ: ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿಯ ಜಾತಿ, ಮರದ ಬೀಜಗಳು, ಕಡಲೆಕಾಯಿ, ಗೋಧಿ, ಸೋಯಾ, ಮತ್ತು 2023ರ ಜನವರಿಯಿಂದ ಎಳ್ಳು. ಭಾರತದ ಪಟ್ಟಿಯಲ್ಲಿ ಎಳ್ಳು ಇಲ್ಲ, ಆದ್ದರಿಂದ ಊರಿನ ಪೊಟ್ಟಣದ ಅಲರ್ಜಿ ಸಾಲಿನಲ್ಲಿ ಎಳ್ಳು ಕಾಣದಿದ್ದರೆ ಅದು ಒಳಗಿಲ್ಲವೆಂದು ತಿಳಿಯಬೇಡಿ. ತೆಂಗನ್ನು ಅಮೆರಿಕದವರು ಮೊದಲು ಮರದ ಬೀಜಗಳ ಜೊತೆ ಸೇರಿಸಿದ್ದರು, 2025ರಲ್ಲಿ ಅಲ್ಲಿನ ಆಹಾರ-ಔಷಧಿ ಇಲಾಖೆಯಾದ ಎಫ್‌ಡಿಎ ಪಟ್ಟಿಯಿಂದ ತೆಗೆಯಿತು. ಸಾಸಿವೆ, ಕಡಲೆಬೇಳೆ ಆ ಒಂಬತ್ತರಲ್ಲಿ ಇಲ್ಲವೇ ಇಲ್ಲ. ಇವು ಆಗದ ಮಗುವಿದ್ದರೆ ಸಣ್ಣ ಅಕ್ಷರವನ್ನೆಲ್ಲ ಓದಬೇಕು. "ಇರಬಹುದು" ಎಂಬ ಎಚ್ಚರಿಕೆಯ ಸಾಲು ಅಲ್ಲಿ ಕಂಪನಿಯ ಇಷ್ಟಕ್ಕೆ ಬಿಟ್ಟದ್ದು, ಆ ಸಾಲು ಇಲ್ಲವೆಂದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ಇನ್ನೊಂದು: ಗೋಡಂಬಿ ಆಗದವರಿಗೆ ಪಿಸ್ತಾ ಕೂಡ ಆಗದಿರುವುದೇ ಹೆಚ್ಚು.

5. ಊಟದ ಜಾಗ ಮೊದಲೇ ಗೊತ್ತುಮಾಡಿ

ಕುಳಿತು ತಿನ್ನುವ ಹೋಟೆಲುಗಳಿಗೆ 60 ದಿನ ಮೊದಲೇ ಜಾಗ ಕಾಯ್ದಿರಿಸಬಹುದು. ಅದೇ ವೇಳೆ ಅಲರ್ಜಿಯನ್ನೂ ನಮೂದಿಸಿ, ಟೇಬಲ್ಲಿಗೆ ಕುಳಿತಾಗ ಮತ್ತೆ ಹೇಳಿ, ಬೇಕಿದ್ದರೆ ಶೆಫ್ ಅವರನ್ನೇ ಮಾತಾಡಿಸಬೇಕೆಂದು ಕೇಳಿ. ಹನ್ನೆರಡೂವರೆಯ ನೂಕುನುಗ್ಗಲಿಗಿಂತ ಹನ್ನೊಂದು ಗಂಟೆಯ ಊಟ ಒಳ್ಳೆಯದು, ಅಡುಗೆಯವರಿಗೂ ನಿಮ್ಮ ಮಾತು ಕೇಳಲು ಪುರುಸೊತ್ತಿರುತ್ತದೆ. ಬಫೆ ನನಗೆ ಇಷ್ಟವಿಲ್ಲ. ಒಂದು ಪಾತ್ರೆಯ ಸೌಟು ಇನ್ನೊಂದಕ್ಕೆ ಬೀಳುವುದು ಕ್ಷಣದ ಕೆಲಸ. ಹೋಗಲೇಬೇಕಾದರೆ ಮಗುವಿನ ತಟ್ಟೆಯನ್ನು ಒಳಗಿನಿಂದಲೇ ಬೇರೆಯಾಗಿ ಮಾಡಿಕೊಡುವಂತೆ ಹೇಳಿ.

6. ಕೌಂಟರಿನಲ್ಲಿ ದಾಕ್ಷಿಣ್ಯ ಬೇಡ

ನಮ್ಮವರು ಎಡವುವುದು ಇಲ್ಲಿಯೇ. ಹಿಂದೆ ಹನುಮಂತನ ಬಾಲದಷ್ಟು ಸಾಲು, ಕೌಂಟರಿನ ಹುಡುಗಿ ನಗುತ್ತಾ ಕಾಯುತ್ತಿದ್ದಾಳೆ, ಎಲ್ಲರ ಮುಂದೆ ಪ್ರಶ್ನೆ ಕೇಳಿ ತೊಂದರೆ ಕೊಡುವುದೇಕೆ ಎನಿಸುತ್ತದೆ. ಕೇಳಿ. ಕೇಳುವುದು ನಿಮ್ಮ ಕೆಲಸ, ಉತ್ತರಿಸುವುದು ಅವರ ಕೆಲಸ. ಪಾರ್ಕಿನ ಬಹುತೇಕ ಕೌಂಟರುಗಳಲ್ಲಿ ಅಲರ್ಜಿಗೆ ತಕ್ಕ ಬೇರೆ ಮೆನು ಇರುತ್ತದೆ, ಯಾವ ತಿನಿಸು ಯಾವ ಅಲರ್ಜಿಯವರಿಗೆ ಆಗುತ್ತದೆ ಎಂದು ವಿಂಗಡಿಸಿರುತ್ತಾರೆ. ಡಿಸ್ನಿಯ ಆ್ಯಪಿನಲ್ಲೂ ಅದನ್ನು ನೋಡಿ ಆರ್ಡರ್ ಮಾಡಬಹುದು. ರಸೀದಿಯ ಮೇಲೆ ಅಲರ್ಜಿ ನಮೂದಾಗಿದೆಯೇ ನೋಡಿಕೊಳ್ಳಿ. ತಟ್ಟೆ ಕೈಗೆ ಬಂದಾಗ "ಇದು ಕಡಲೆಕಾಯಿ ಅಲರ್ಜಿಯ ಆರ್ಡರ್ ತಾನೇ?" ಎಂದು ಮತ್ತೊಮ್ಮೆ ಕೇಳಿ. ಇಂಥ ಅಡುಗೆ ತಡವಾಗಿ ಬರುತ್ತದೆ. ಬೇಗ ಬಂದರೆ ಇನ್ನೊಂದು ಪ್ರಶ್ನೆ ಜಾಸ್ತಿ ಕೇಳಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2023ರ ಅಕ್ಟೋಬರಿನಲ್ಲಿ ಡಿಸ್ನಿ ಸ್ಪ್ರಿಂಗ್ಸ್ ಎಂಬ ಅಂಗಡಿ ಬೀದಿಯ ಒಂದು ರೆಸ್ಟೊರೆಂಟಿನಲ್ಲಿ ಉಂಡ ವೈದ್ಯೆಯೊಬ್ಬರು ಹಾಲು ಮತ್ತು ಬೀಜಗಳ ಅಲರ್ಜಿಯಿಂದ ತೀರಿಕೊಂಡರು. ಅಲರ್ಜಿಯನ್ನು ಮತ್ತೆ ಮತ್ತೆ ಹೇಳಿದ್ದೆವು, ಕೆಲವು ತಿನಿಸುಗಳ ಮೇಲೆ ಅಲರ್ಜಿಯ ಗುರುತು ಇರಲಿಲ್ಲ, ವಿಚಾರಿಸಿದಾಗ ಏನೂ ಆಗದೆಂದು ಭರವಸೆ ಕೊಟ್ಟರು ಎಂಬುದು ಅವರ ಪತಿ ಹೂಡಿದ ದಾವೆಯಲ್ಲಿದ್ದ ಆರೋಪ. ಆ ರೆಸ್ಟೊರೆಂಟನ್ನು ನಡೆಸುತ್ತಿದ್ದವರು ಬೇರೆಯವರು. ಡಿಸ್ನಿ ಸ್ಪ್ರಿಂಗ್ಸ್‌ನ ಎಷ್ಟೋ ಹೋಟೆಲುಗಳು ಹಾಗೆಯೇ: ಜಾಗ ಡಿಸ್ನಿಯದು, ಅಡುಗೆಮನೆ ಇನ್ನೊಬ್ಬರದು. ಪ್ರತಿಯೊಂದು ಬಾಗಿಲಲ್ಲೂ ಹೊಸದಾಗಿ ಕೇಳಬೇಕು. ಗುರುತಿಲ್ಲದ ತಟ್ಟೆ ಬಂದರೆ, ಬಾಯಿಮಾತಿನ ಭರವಸೆಗೆ ತಲೆಯಾಡಿಸದೆ ಹಿಂದಕ್ಕೆ ಕಳಿಸಿ.

7. ಬುತ್ತಿ ಕಟ್ಟಿಕೊಂಡೇ ಹೋಗಿ

ಡಿಸ್ನಿ ಪಾರ್ಕುಗಳ ಒಳಗೆ ನಿಮ್ಮದೇ ತಿಂಡಿ ಒಯ್ಯಬಹುದು. ಗಾಜಿನ ಡಬ್ಬಿ ಬೇಡ, ಬಿಡಿ ಐಸ್ ಬೇಡ, ಜೆಲ್ ಪ್ಯಾಕ್ ಆಗುತ್ತದೆ. ಮೊಸರನ್ನ, ಚಪಾತಿ ರೋಲ್, ಬಾಳೆಹಣ್ಣು, ಮಗು ದಿನಾ ತಿನ್ನುವ ಬಿಸ್ಕೆಟ್ಟು, ಹೀಗೆ ನಿಮ್ಮ ಮಗುವಿಗೆ ಆಗುವುದು ಏನೋ ಅದು ಎರಡು ಹೊತ್ತಿಗೆ ಸಾಲುವಷ್ಟು ಇರಲಿ. ರೂಮಿನ ಸಣ್ಣ ಫ್ರಿಜ್ಜಿನಲ್ಲಿ ಮರುದಿನಕ್ಕೂ ಇಡಬಹುದು. ಯೂನಿವರ್ಸಲ್‌ನಲ್ಲಿ ನಿಯಮ ಬಿಗಿ, ಆದರೂ ಆರೋಗ್ಯದ ಕಾರಣದ ಆಹಾರಕ್ಕೆ ಅವಕಾಶವಿದೆ. ತಪಾಸಣೆಯವರಿಗೆ ನೀವೇ ಮೊದಲು ಹೇಳಿ.

8. ಸ್ಯಾನಿಟೈಸರ್ ಸಾಲದು

ಅದು ಕ್ರಿಮಿಯನ್ನು ಕೊಲ್ಲುತ್ತದೆಯೇ ಹೊರತು ಕಡಲೆಕಾಯಿಯ ಪ್ರೋಟೀನನ್ನು ತೆಗೆಯುವುದಿಲ್ಲ. ಸೋಪು ನೀರು, ಇಲ್ಲವೇ ಒದ್ದೆ ವೈಪ್ಸ್. ವಿಮಾನದ ಟ್ರೇ, ಹೋಟೆಲಿನ ಟೇಬಲ್ಲು ಎರಡನ್ನೂ ಒರೆಸಿಯೇ ತಿನ್ನಿಸಿ.

9. ವಾಂತಿಗೆ ರೈಡನ್ನು ದೂರಬೇಡಿ

ಪಾರ್ಕಿನಲ್ಲಿ ರಿಯಾಕ್ಷನ್ ಗುರುತಿಸುವುದು ಮನೆಗಿಂತ ಕಷ್ಟ. ಬಿಸಿಲಿಗೆ ಮುಖ ಕೆಂಪಾಗಿರುತ್ತದೆ, ತಿರುಗಣೆಯಿಂದ ಇಳಿದ ಮಗು ವಾಂತಿ ಮಾಡುತ್ತದೆ, ಸುಸ್ತಾಗಿ ಮಂಕಾಗುತ್ತದೆ. "ರೈಡ್ ಹಿಡಿಸಲಿಲ್ಲ" ಎಂದುಕೊಂಡು ಕೂತರೆ ಅಮೂಲ್ಯವಾದ ನಿಮಿಷಗಳು ಹೋಗುತ್ತವೆ. ಅದಕ್ಕೇ ಕೇಳಬೇಕಾದ ಮೊದಲ ಪ್ರಶ್ನೆ: ಕಳೆದ ಎರಡು ಗಂಟೆಯಲ್ಲಿ ಏನು ತಿಂದ? ಚಿಕ್ಕ ಮಕ್ಕಳು "ನಾಲಗೆ ಚುಚ್ತಾ ಇದೆ", "ಗಂಟಲಲ್ಲಿ ಏನೋ ಸಿಕ್ಕೊಂಡಿದೆ" ಎನ್ನುತ್ತವೆ. ದದ್ದಿನ ಜೊತೆ ವಾಂತಿಯೋ ಕೆಮ್ಮೋ ಸೇರಿತೆಂದರೆ, ದನಿ ಗೊಗ್ಗರಾಯಿತೆಂದರೆ, ಉಸಿರು ಸುಯ್‌ಗುಟ್ಟಿತೆಂದರೆ ಇಂಜೆಕ್ಟರನ್ನು ತೊಡೆಯ ಹೊರಭಾಗಕ್ಕೆ ಒತ್ತಿ, ಬಟ್ಟೆಯ ಮೇಲಿಂದಲೇ ಆಗುತ್ತದೆ. ಅಲರ್ಜಿಯ ಸಿರಪ್ ಕೊಟ್ಟು ಕಾಯಬೇಡಿ, ಅದು ತುರಿಕೆ ಇಳಿಸುತ್ತದೆ, ಜೀವ ಉಳಿಸುವ ಔಷಧಿ ಅದಲ್ಲ. ಮಗುವನ್ನು ಮಲಗಿಸಿ, ಉಸಿರಾಟ ಕಷ್ಟವಾದರೆ ಕೂರಿಸಿ. ಎದ್ದು ನಡೆಸಬೇಡಿ. 911ಕ್ಕೆ ಕರೆ ಮಾಡಿ, ಹತ್ತಿರದ ಸಿಬ್ಬಂದಿಯನ್ನು ಕೂಗಿ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯದು. ಸುಧಾರಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆಗಳ ನಂತರ ರಿಯಾಕ್ಷನ್ ಮರುಕಳಿಸಬಹುದು.

ಡಿಸ್ನಿ ವರ್ಲ್ಡ್‌ನ ನಾಲ್ಕೂ ಪಾರ್ಕುಗಳಲ್ಲಿ ನರ್ಸ್‌ಗಳಿರುವ ಫಸ್ಟ್ ಏಡ್ ಕೇಂದ್ರಗಳಿವೆ, ಎಪಿನೆಫ್ರಿನ್ ಅಲ್ಲೂ ಇರುತ್ತದೆ. ಅವುಗಳಲ್ಲೊಂದಾದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಆ ಕೇಂದ್ರ ಇರುವುದು ಕ್ರಿಸ್ಟಲ್ ಪ್ಯಾಲೆಸ್ ರೆಸ್ಟೊರೆಂಟಿನ ಪಕ್ಕ. ಪಾರ್ಕಿಗೆ ಕಾಲಿಟ್ಟ ಕೂಡಲೇ ನಕ್ಷೆಯಲ್ಲಿ ಆ ಜಾಗ ನೋಡಿಕೊಳ್ಳಿ.

10. ಮಗುವಿಗೂ ಒಂದು ಸಿಹಿ ಇರಲಿ

ಅಣ್ಣ ತಂಗಿಯರು ಐಸ್‌ಕ್ರೀಮ್ ಚೀಪುವಾಗ ಈ ಮಗುವಿನ ಕೈಯಲ್ಲಿ ಸೇಬಿನ ಹೋಳು ಕೊಡುವುದು ನ್ಯಾಯವಲ್ಲ. ಅದಕ್ಕೆ ಆಗುವ ಒಂದು ಸಿಹಿಯನ್ನು ಮೊದಲೇ ಹುಡುಕಿಡಿ. ಹಾಲು ಆಗದವರಿಗೆ ಡೋಲ್ ವಿಪ್ ಎಂಬ ಅನಾನಸ್ ರುಚಿಯ, ಐಸ್‌ಕ್ರೀಮಿನಂಥ ತಿನಿಸು ಇದೆ, ಅದರಲ್ಲಿ ಹಾಲಿಲ್ಲ. ವೆನಿಲ್ಲಾ ಜೊತೆ ಸುತ್ತಿ ಕೊಡುವ ಸ್ವರ್ಲ್‌ನಲ್ಲಿ ಹಾಲಿದೆ. ಆದ್ದರಿಂದ ಬರೀ ಅನಾನಸ್ ಎಂದು ಬಿಡಿಸಿ ಹೇಳಿ, ಎರಡೂ ಒಂದೇ ಯಂತ್ರದಿಂದ ಬರುತ್ತವೆಯೇ ಎಂದೂ ಕೇಳಿ. ಶರತ್ಕಾಲದಲ್ಲಿ ಮಿಕ್ಕಿಯ ಹ್ಯಾಲೋವೀನ್ ಪಾರ್ಟಿಗೆ ಹೋಗುವುದಾದರೆ ಅಲರ್ಜಿಯ ಮಕ್ಕಳಿಗೆ ನೀಲಿಹಸಿರು ಬಣ್ಣದ ಚೀಲ ಕೇಳಿ ಪಡೆಯಬಹುದು. ಎಲ್ಲರಂತೆ ಸಾಲಿನಲ್ಲಿ ನಿಂತ ಮಗುವಿಗೆ ಮಿಠಾಯಿಯ ಬದಲು ಟೋಕನ್ ಸಿಗುತ್ತದೆ, ಅವನ್ನು ಕೊನೆಗೆ ಒಂದೆಡೆ ಕೊಟ್ಟು ತನಗಾಗುವ ತಿನಿಸು ತೆಗೆದುಕೊಳ್ಳಬಹುದು.

ಐದಾರು ವರ್ಷದ ಮಗುವಾದರೆ ಕೌಂಟರಿನಲ್ಲಿ ಮೊದಲ ಮಾತನ್ನು ಅದರ ಬಾಯಲ್ಲೇ ಆಡಿಸಿ: "ನನಗೆ ಕಡಲೆಕಾಯಿ ಆಗಲ್ಲ, ಇದರಲ್ಲಿ ಇದೆಯಾ?" ಮನೆಯಲ್ಲಿ ಅಂಗಡಿ ಆಟ ಆಡುತ್ತಾ ಕಲಿಸಿ, ಇಂಗ್ಲಿಷಿನಲ್ಲೂ ಹೇಳಿಸಿ. ಉಳಿದ ಪ್ರಶ್ನೆಗಳನ್ನು ನೀವು ಅದರ ಪಕ್ಕದಲ್ಲೇ ನಿಂತು ಕೇಳಿ.